ಬಿಸಿಲು ನಮಗೆ ಹೊಸದಲ್ಲ ಅನ್ನುವವರಿಗೆ

"ನಮಗೇನ್ರಿ ಅಕ್ಕಾರ, ಬಿಸಲು ಹೊಸಾದೇನು? ಹುಟ್ಟಿದಾಗಿಂದ ಇದರಾಗ ಬೆಳದೀವಿ."

ಹಜ್ ಯಾತ್ರೆಗೆ ಹೊರಟವರ ತರಬೇತಿಯಲ್ಲಿ ಆರೋಗ್ಯದ ವಿಷಯ ನನ್ನ ಪಾಲಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಎದ್ದು ಹೀಗೆ ಹೇಳುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ದುಡಿದವರು ಅಲ್ಲಿರುತ್ತಾರೆ, ಕುಷ್ಟಗಿಯ ಒಣಬೇಸಾಯದ ರೈತರಿರುತ್ತಾರೆ, ಯಲಬುರ್ಗಾ ಸೀಮೆಯ ಸಂತೆ ಸಂತೆ ತಿರುಗಿ ಬಟ್ಟೆ ಮಾರಿದವರಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ನಮ್ಮ ಕೊಪ್ಪಳ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕಿಂತ ಹೆಚ್ಚಾಗಿ ನಾನು ಹೆದರುವುದು ಈ ಮಾತಿಗೇ.

ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. 2024ರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ಗುಂಪಿನೊಂದಿಗೆ ಹಜ್ ಮಾಡಿದೆ. ಆ ವರ್ಷದ ಬಿಸಿಲಿನ ಸುದ್ದಿ ಜಗತ್ತಿಗೆಲ್ಲ ಗೊತ್ತು. ಜೂನ್ 17ರಂದು ಮಕ್ಕಾದ ದೊಡ್ಡ ಮಸೀದಿಯ ಬಳಿ 51.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಯಾತ್ರೆ ಮುಗಿದ ಮೇಲೆ ಸೌದಿ ಸರ್ಕಾರ ಕೊಟ್ಟ ಲೆಕ್ಕದಂತೆ ತೀರಿಕೊಂಡವರು 1,301 ಮಂದಿ. ಅವರಲ್ಲಿ ನೂರಕ್ಕೆ ಎಂಬತ್ತಮೂರು ಮಂದಿ ಪರವಾನಗಿ ಇಲ್ಲದೆ ಬಂದವರು. ಅಂದರೆ ತಂಗಲು ಡೇರೆಯಾಗಲಿ ಓಡಾಡಲು ಬಸ್ಸಾಗಲಿ ಇಲ್ಲದೆ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದವರು. ಸತ್ತವರಲ್ಲಿ ಈಜಿಪ್ಟ್, ಜೋರ್ಡಾನ್, ಟುನಿಷಿಯಾದವರೂ ಇದ್ದರು. ಅವರಿಗೂ ಬಿಸಿಲು ಹೊಸದಾಗಿರಲಿಲ್ಲ.

ಹಾಗಾದರೆ ನಾವು ಇಲ್ಲಿ ಬದುಕುವುದು ಹೇಗೆ? ಮೈ ಗಟ್ಟಿಯಾಗಿರುವುದರಿಂದ ಅಲ್ಲ. ಬಿಸಿಲಿಗೆ ಎದುರು ನಿಲ್ಲಬಾರದು ಎಂದು ನಮ್ಮ ಹಿರಿಯರು ಕಲಿತಿದ್ದರಿಂದ. ತಾವರಗೇರಾ, ಹನುಮಸಾಗರದ ಕಡೆ ಬೇಸಿಗೆಯಲ್ಲಿ ಒಮ್ಮೆ ನೋಡಿ. ರೈತ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾನೆ, ಹೊತ್ತು ನೆತ್ತಿಗೇರುವುದರೊಳಗೆ ಬೇವಿನ ಗಿಡದ ನೆರಳಿಗೆ ಬರುತ್ತಾನೆ. ತಲೆಯ ಮೇಲೆ ರುಮಾಲು, ಮೈಮೇಲೆ ಸಡಿಲ ಅಂಗಿ ಧೋತರ. ಊಟದ ಜೊತೆ ಉಪ್ಪು ಹಾಕಿದ ಮಜ್ಜಿಗೆ. ಮಧ್ಯಾಹ್ನ ಕಟ್ಟೆಯ ಮೇಲೆ ಅಡ್ಡಾಗಿ, ಹೊತ್ತು ಇಳಿದ ಮೇಲೆ ಮತ್ತೆ ಕೆಲಸ. ಹಜ್ಜಿನ ಮುಖ್ಯ ದಿನ ಕಳೆಯುವ ಅರಫಾತ್ ಬಯಲಿನಲ್ಲಿ ಇದರಲ್ಲಿ ಅರ್ಧ ಕೈತಪ್ಪುತ್ತದೆ. ಗಂಡಸರು ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ಬಿಳಿ ಉಡುಪಿನಲ್ಲಿ, ತಲೆಗೆ ಬಟ್ಟೆ ಹಾಕುವಂತಿಲ್ಲ. ಯಾವಾಗ ಹೊರಡಬೇಕು ಎನ್ನುವುದು ಬಸ್ಸಿನವರ, ಗುಂಪಿನವರ ಕೈಯಲ್ಲಿರುತ್ತದೆ. ಮನೆಯ ಹರವಿಯ ನೀರು, ಮಜ್ಜಿಗೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಾಳಿನಲ್ಲಿ ಒಮ್ಮೆ ಬಂದ ಭಾಗ್ಯ ಇದು, ಕುಳಿತು ಕಳೆಯಬಾರದು ಎಂದು ಮನಸ್ಸು ಎಳೆಯುತ್ತದೆ. ನಮ್ಮೂರಿನಿಂದ ಒಯ್ಯಬೇಕಾದದ್ದು ಆ ರೈತನ ಹೊತ್ತಿನ ಲೆಕ್ಕ, ಅವನ ಗಟ್ಟಿತನದ ಹೆಮ್ಮೆಯಲ್ಲ. ತಯಾರಿಯೆಂದರೆ ನನ್ನ ಪ್ರಕಾರ ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಚಾಂದ್ರಮಾನ ಲೆಕ್ಕವಾದ್ದರಿಂದ ಹಜ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಜೂನ್ ಮಧ್ಯದಲ್ಲಿತ್ತು, 2025ರಲ್ಲಿ ಜೂನ್ ಮೊದಲ ವಾರ, 2026ರಲ್ಲಿ ಮೇ ಕೊನೆಯ ವಾರ. ಬಿಸಿಲು ಕಡಿಮೆಯಾಗುವ ದಿಕ್ಕಿಗೇ ಸಾಗುತ್ತಿದೆ, ನಿಜ. ಆದರೆ ಮೇ ತಿಂಗಳಲ್ಲೂ ಮಕ್ಕಾದಲ್ಲಿ 40 ದಾಟುವುದು ಮಾಮೂಲು. ಇನ್ನೂ ಕೆಲವು ವರ್ಷ ಇದು ಬೇಸಿಗೆಯ ಯಾತ್ರೆಯೇ.

ಮೈಯೊಳಗೆ ಏನಾಗುತ್ತದೆ ಎನ್ನುವುದನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ನಮ್ಮ ದೇಹದ ಶಾಖ 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಂಪಿದ್ದರೆ ಮೈಯ ಶಾಖ ಗಾಳಿಗೆ ಹೋಗುತ್ತದೆ. ಗಾಳಿಯೇ 45 ಡಿಗ್ರಿ ಇದ್ದರೆ ಶಾಖ ತಿರುಗಿ ಮೈಯೊಳಗೆ ಬರುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು ಆರುವುದು. ಮಕ್ಕಾದ ಗಾಳಿ ಒಣ ಗಾಳಿ. ಬೆವರು ಹುಟ್ಟಿದ ತಕ್ಷಣ ಆರಿಹೋಗುವುದರಿಂದ ಬಟ್ಟೆ ಒದ್ದೆಯಾಗುವುದಿಲ್ಲ. "ನನಗ ಬೆವರೇ ಬರಂಗಿಲ್ಲ, ಆರಾಮ ಅದೀನಿ" ಎಂದು ಜನ ತಿಳಿಯುತ್ತಾರೆ. ಒಳಗೆ ನೀರು ಖಾಲಿಯಾಗುತ್ತಿರುತ್ತದೆ. ವಯಸ್ಸಾದವರಿಗೆ ನೀರಡಿಕೆಯೂ ತಡವಾಗಿ ತಿಳಿಯುತ್ತದೆ. ಅದಕ್ಕೇ ನೀರಡಿಕೆ ಕಾಯದೆ ಗಂಟೆಗಂಟೆಗೂ ಗುಟುಕು ಗುಟುಕಾಗಿ ಕುಡಿಯಿರಿ, ಮೂತ್ರ ತಿಳಿ ಹಳದಿ ಇದೆಯೋ ಇಲ್ಲವೋ ನೋಡಿಕೊಳ್ಳಿ ಎನ್ನುವುದು. ಬಣ್ಣ ಗಾಢವಾಯಿತು ಎಂದರೆ ನೀವಾಗಲೇ ಹಿಂದೆ ಬಿದ್ದಿದ್ದೀರಿ.

ಇಲ್ಲಿ ಹೆಣ್ಣುಮಕ್ಕಳ ವಿಷಯ ಬಿಡಿಸಿ ಹೇಳಲೇಬೇಕು, ಏಕೆಂದರೆ ಗಂಡಸರ ತರಬೇತಿಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮ ಹಳ್ಳಿಯ ಹೆಂಗಸರು ಸಂಡಾಸಕ್ಕೆ ಹೋಗುವ ಅನುಕೂಲ ಇಲ್ಲದ ಕಾಲದಲ್ಲಿ ಬೆಳೆದವರು. ಹೊರಗೆ ಹೊರಟರೆ ನೀರು ಕುಡಿಯದೆ ಇರುವುದು ಅವರಿಗೆ ರೂಢಿ. ಯಾತ್ರಿಕರ ಡೇರೆಗಳಿರುವ ಮಿನಾದಲ್ಲಿ, ಅರಫಾತಿನಲ್ಲಿ ಶೌಚಾಲಯದ ಮುಂದೆ ಉದ್ದನೆಯ ಸಾಲು ಕಂಡ ಕೂಡಲೇ ಆ ರೂಢಿ ಮರಳಿ ಬರುತ್ತದೆ. ನಮ್ಮ ಡೇರೆಯಲ್ಲಿ ಕನಕಗಿರಿ ಕಡೆಯ ಅಜ್ಜಿಯೊಬ್ಬರು ನೀರಿನ ಬಾಟಲಿಯನ್ನು ಬಾಯಿಗೆ ಹಿಡಿದು ತುಟಿ ಮಾತ್ರ ತೋಯಿಸಿಕೊಂಡು ಇಳಿಸುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿದಾಗ ಬೆಳಗಿನ ಬಾಟಲಿ ಮಧ್ಯಾಹ್ನವಾದರೂ ತುಂಬಿಯೇ ಇತ್ತು. ಕೇಳಿದರೆ "ಪಾಳಿ ನಿಲ್ಲಾಕ ಮೊಣಕಾಲು ಕೇಳಂಗಿಲ್ಲವ್ವ" ಎಂದರು. ಬುದ್ಧಿ ಹೇಳಿದರೆ ಆಗುವ ಕೆಲಸವಲ್ಲ ಅದು. ಸಾಲಿನಲ್ಲಿ ಅವರ ಬದಲು ನಿಲ್ಲಲು ಗುಂಪಿನ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದೆವು, ಪಾಳಿ ಬಂದಾಗ ಅಜ್ಜಿಯನ್ನು ಕರೆದೆವು. ಅಜ್ಜಿ ನೀರು ಕುಡಿದರು. ನಮಾಜಿನ ಹೊತ್ತಿಗೆ ಸಾಲು ಬೆಳೆಯುತ್ತದೆ, ಅದಕ್ಕೆ ಒಂದು ತಾಸು ಮೊದಲೇ ಹೋಗಿ ಬಂದರೆ ಸಲೀಸು. ಇಂಥ ಏರ್ಪಾಟನ್ನು ಊರಲ್ಲಿದ್ದಾಗಲೇ ಮಾತಾಡಿಕೊಳ್ಳಬೇಕು. ಇನ್ನು ಮುಟ್ಟು ಮುಂದೂಡುವ ಮಾತ್ರೆ. ತವಾಫಿಗೆ, ಅಂದರೆ ಕಾಬಾ ಸುತ್ತುವುದಕ್ಕೆ, ಅಡ್ಡಿಯಾಗಬಾರದೆಂದು ಬಹಳ ಹೆಂಗಸರು ತೆಗೆದುಕೊಳ್ಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ, ರಕ್ತದೊತ್ತಡ, ಯಕೃತ್ತಿನ ಕಾಯಿಲೆ ಇದ್ದವರಿಗೆ ಅದು ಆಗಿಬರುವುದಿಲ್ಲ. ಎರಡು ತಿಂಗಳು ಮೊದಲೇ ಹೆರಿಗೆ ಡಾಕ್ಟರನ್ನು ಕಂಡು ಕೇಳಿ.

2018ರಿಂದ ನಲವತ್ತೈದು ದಾಟಿದ ಹೆಣ್ಣುಮಕ್ಕಳು ಗಂಡಸರ ಜೊತೆಯಿಲ್ಲದೆ, ಕನಿಷ್ಠ ನಾಲ್ವರ ಗುಂಪಾಗಿ ಹಜ್ಜಿಗೆ ಹೋಗುವ ಅವಕಾಶ ನಮ್ಮ ದೇಶದಲ್ಲಿ ಬಂತು. ವಿಧವೆಯರಿಗೆ, ಮದುವೆಯಾಗದವರಿಗೆ ಇದು ದೊಡ್ಡ ಬಾಗಿಲು ತೆರೆದಂತೆ. ಆದರೆ ಗುಂಪು ಮಾಡುವಾಗ ಸಂಬಂಧ ನೋಡುವುದಕ್ಕಿಂತ ನಡಿಗೆ ನೋಡಿ ಎನ್ನುತ್ತೇನೆ. ಒಬ್ಬಳು ದಾಪುಗಾಲು, ಇನ್ನೊಬ್ಬಳಿಗೆ ಮೊಣಕಾಲು ನೋವು ಇದ್ದರೆ ಮೊದಲ ದಿನವೇ ಜಗಳ. ಗುಂಪು ಯಾರ ಹೆಜ್ಜೆಗೆ ನಡೆಯಬೇಕು? ಎಲ್ಲರಿಗಿಂತ ನಿಧಾನ ಇರುವವರ ಹೆಜ್ಜೆಗೆ. ಇದನ್ನು ಒಪ್ಪದವರು ಬೇರೆ ಗುಂಪು ನೋಡಿಕೊಳ್ಳುವುದು ಒಳ್ಳೆಯದು. ಮನಸ್ತಾಪಕ್ಕೆ ಮೊದಲೇ ಹೇಳಿಬಿಡುವುದು ಇಬ್ಬರಿಗೂ ಕ್ಷೇಮ.

ನಡಿಗೆಯ ಮಾತು ಬಂತು. ಸಫಾ ಮರ್ವಾ ಗುಡ್ಡಗಳ ನಡುವಿನ ನಡಿಗೆ, ಅಂದರೆ ಸಯೀ, ಏಳು ಸಲ ಸೇರಿ ಮೂರು ಕಿಲೋಮೀಟರಿಗೂ ಮೇಲಾಗುತ್ತದೆ. ತವಾಫ್ ಕೆಳಗಿನ ಅಂಗಳದಲ್ಲಿ ಸಿಕ್ಕರೆ ಸುತ್ತು ಚಿಕ್ಕದು. ಜನ ತುಂಬಿ ಮೇಲಿನ ಮಹಡಿಗೆ ಕಳಿಸಿದರೆ ಅದೇ ಸುತ್ತು ಹಲವು ಪಟ್ಟು ಬೆಳೆಯುತ್ತದೆ. ಮುಜ್ದಲಿಫಾದಿಂದ ಮಿನಾಕ್ಕೆ, ಮಿನಾದಿಂದ ಕಲ್ಲೆಸೆಯುವ ಜಮರಾತಿಗೆ, ಮರಳಿ ಡೇರೆಗೆ ಎಂದು ಹಜ್ಜಿನ ದಿನಗಳಲ್ಲಿ ಎಷ್ಟೋ ಮಂದಿ ಹತ್ತು ಹದಿನೈದು ಕಿಲೋಮೀಟರ್ ನಡೆಯುತ್ತಾರೆ. ಮನೆಯಿಂದ ಮಸೀದಿಗೆ ಗಾಡಿಯಲ್ಲೇ ಹೋಗುವ ಕಾಲುಗಳಿಗೆ ಇದು ಒಮ್ಮೆಲೇ ಆಗದು. ಹಜ್ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದಲೇ ನಡೆಯಲು ಶುರು ಮಾಡಿ. ಗಂಗಾವತಿಯವರಿಗೆ ಎಡದಂಡೆ ಕಾಲುವೆಯ ಏರಿ ಇದೆ, ಯಲಬುರ್ಗಾ ಕುಷ್ಟಗಿಯವರಿಗೆ ಹೊಲದ ದಾರಿ ಇದೆ. ಮೊದಲ ವಾರ ಅರ್ಧ ಗಂಟೆ, ಆಮೇಲೆ ಏರಿಸುತ್ತಾ ಹೋಗಿ ಒಂದೂವರೆ ತಾಸು. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದು ವಾರದಿಂದ ಎರಡು ವಾರ ಬೇಕು, ಆದ್ದರಿಂದ ಕೊನೆಯ ಎರಡು ವಾರ ಬೆಳಗಿನ ಬಿಸಿಲು ಸ್ವಲ್ಪ ಏರಿದ ಹೊತ್ತಿನಲ್ಲಿ ನಡೆಯಿರಿ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಇದನ್ನು ಮಾಡಬೇಕು. ಅಲ್ಲಿ ಹಾಕುವ ಚಪ್ಪಲಿಯನ್ನೇ ಇಲ್ಲಿ ಹಾಕಿ ನಡೆಯಿರಿ. ಹೊಸ ಚಪ್ಪಲಿ ಹೊತ್ತು ವಿಮಾನ ಹತ್ತಿದವರ ಕಾಲು ಮಕ್ಕಾದಲ್ಲಿ ಗುಳ್ಳೆ ಬಿಡುತ್ತದೆ.

ಚಪ್ಪಲಿಯ ಬಗ್ಗೆ ಇನ್ನೊಂದು ಮಾತು. ಕಾಬಾದ ಸುತ್ತಲಿನ ಬಿಳಿ ಅಮೃತಶಿಲೆ ಎಂಥ ಬಿಸಿಲಲ್ಲೂ ತಂಪಾಗಿರುತ್ತದೆ. ಅದು ಗ್ರೀಸಿನ ಥಾಸೋಸ್ ದ್ವೀಪದಿಂದ ತಂದ ಕಲ್ಲು. ಆ ತಂಪನ್ನು ನಂಬಿ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟವರು ಇನ್ನೊಂದು ಬಾಗಿಲಿನಿಂದ ಹೊರಬಂದರೆ ಮುಗಿಯಿತು. ಹೊರಗಿನ ರಸ್ತೆ ಮಧ್ಯಾಹ್ನ ಅಂಗಾಲು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟಿದ್ದೇ ತಿಳಿಯುವುದಿಲ್ಲ. ರಾತ್ರಿ ಕಾಲು ತೊಳೆಯುವಾಗ ಚರ್ಮ ಎದ್ದಿರುವುದು ಕಾಣುತ್ತದೆ. ಆ ಗಾಯ ಮಾಯಲು ತಿಂಗಳುಗಳು ಬೇಕು, ಕೆಲವೊಮ್ಮೆ ಬೆರಳೇ ಹೋಗುತ್ತದೆ. ಹಗುರವಾದ ಬಟ್ಟೆಯ ಚೀಲ ಹೊಲಿಸಿ ಹೆಗಲಿಗೆ ಹಾಕಿಕೊಳ್ಳಿ, ಚಪ್ಪಲಿ ಅದರಲ್ಲಿರಲಿ. ಪ್ರತಿ ರಾತ್ರಿ ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿ. ಇದಕ್ಕೆ ಸಂಕೋಚಪಡಬೇಡಿ.

ಗಂಡಸರಿಗೆ ತೊಡೆ ಉಜ್ಜಿ ಹುಣ್ಣಾಗುವುದು ಇನ್ನೊಂದು ಕಾಟ. ಇಹ್ರಾಮಿನಲ್ಲಿ ಹೊಲಿದ ಬಟ್ಟೆ ಇಲ್ಲದ್ದರಿಂದ ಎರಡನೆಯ ದಿನಕ್ಕೆ ನಡೆಯಲು ಆಗುವುದಿಲ್ಲ. ಪರಿಮಳ ಇಲ್ಲದ ವ್ಯಾಸಲೀನ್ ಮೊದಲೇ ಹಚ್ಚಿಕೊಳ್ಳಿ. ಇಹ್ರಾಮಿನಲ್ಲಿ ಸುಗಂಧ ಸಲ್ಲದು, ಆದ್ದರಿಂದ ಸಾಬೂನು, ಮುಲಾಮು ಎಲ್ಲವೂ ವಾಸನೆ ಇಲ್ಲದ್ದೇ ಆಗಬೇಕು. ಊರಲ್ಲೇ ಹುಡುಕಿ ಇಟ್ಟುಕೊಳ್ಳಿ. ತಲೆಗೆ ಬಟ್ಟೆ ಸಲ್ಲದಿದ್ದರೂ ಕೊಡೆಗೆ ಅಡ್ಡಿಯಿಲ್ಲ. ಕೊಡೆ ಬಿಳಿ ಬಣ್ಣದ್ದು, ಮಡಚುವಂಥದ್ದು ಇರಲಿ. "ಗಂಡಸು ಕೊಡಿ ಹಿಡಕೊಂಡು ಅಡ್ಡಾಡೋದಾ?" ಎಂದು ನಾಚಿದವರೂ ಇದ್ದಾರೆ. ಅರಫಾತಿನಲ್ಲಿ ಆ ನಾಚಿಕೆ ಯಾರಿಗೂ ಇರುವುದಿಲ್ಲ.

ಕಾಯಿಲೆ ಇದ್ದವರ ಔಷಧಿಯನ್ನು ದೊಡ್ಡ ಲಗೇಜಿನಲ್ಲಿ ಎಂದೂ ಹಾಕಬೇಡಿ. ಲಗೇಜು ತಡವಾದರೆ ರಕ್ತದೊತ್ತಡದ ಮಾತ್ರೆ ಇಲ್ಲದೆ ದಿನ ಕಳೆಯಬೇಕಾಗುತ್ತದೆ. ಇನ್ಸುಲಿನ್ ಅಂತೂ ಕೈಚೀಲದಲ್ಲೇ ಇರಬೇಕು. ವಿಮಾನದ ಸರಕಿನ ಜಾಗದಲ್ಲಿ ಅದು ಹೆಪ್ಪುಗಟ್ಟಿದರೆ ಕೆಲಸ ಮಾಡದು. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ ತಡೆಯುತ್ತದೆ, ಮಿನಾದ ಬಿಸಿಲಲ್ಲಿ ತಡೆಯದು. ನೀರಲ್ಲಿ ನೆನೆಸಿ ಇನ್ಸುಲಿನ್ ತಂಪಾಗಿಡುವ ಚಿಕ್ಕ ಚೀಲಗಳು ಸಿಗುತ್ತವೆ, ಅಂಥದ್ದೊಂದು ಕೊಳ್ಳಿ. ಡಾಕ್ಟರ್ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನೊಂದಿಗೆ, ಸಹಿ ಮೊಹರಿನೊಂದಿಗೆ ಇರಬೇಕು. ನಿದ್ದೆಯ ಮಾತ್ರೆ, ಕೆಲವು ಬಲವಾದ ನೋವಿನ ಮಾತ್ರೆಗಳ ಮೇಲೆ ಸೌದಿಯಲ್ಲಿ ಕಟ್ಟುನಿಟ್ಟು ಬಹಳ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ನೀರಿನ ಅಂಶ ಬೇಗ ಕಡಿಮೆಯಾಗುತ್ತದೆ. ಹೊರಡುವ ಮುನ್ನ ಡಾಕ್ಟರಿಗೆ "45 ಡಿಗ್ರಿ ಬಿಸಿಲಿಗೆ ಹೊರಟೀನಿ, ಡೋಸ್ ಇದೇ ಇರಲೇನ್ರಿ" ಎಂದು ಬಾಯಿಬಿಟ್ಟು ಕೇಳಿ. ನೀವಾಗಿ ನಿಲ್ಲಿಸಬೇಡಿ.

ಮೆದುಳುಪೊರೆಯ ಉರಿಯೂತದ ಲಸಿಕೆ ಹಜ್ಜಿಗೂ, ಕಿರು ಯಾತ್ರೆಯಾದ ಉಮ್ರಾಕ್ಕೂ ಕಡ್ಡಾಯ. ಅಲ್ಲಿಗೆ ತಲುಪುವ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಪೋಲಿಯೋ ಹನಿ ಹಾಕುತ್ತಾರೆ. ವಯಸ್ಸಾದವರು ಫ್ಲೂ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳುವುದು ಮೇಲು. ಲಸಿಕೆಯ ಕಾರ್ಡು ಕಳೆಯಬೇಡಿ.

ಇನ್ನು ಚೀಲ ತುಂಬುವ ಸಂಭ್ರಮ. ನಮ್ಮ ಕಡೆ ಯಾತ್ರೆಗೆ ಹೊರಟವರ ಮನೆಗೆ ಓಣಿಯೆಲ್ಲ ಬರುತ್ತದೆ. ಒಬ್ಬರು ಕಡಕ್ ರೊಟ್ಟಿ ಕಟ್ಟಿಕೊಡುತ್ತಾರೆ, ಒಬ್ಬರು ಶೇಂಗಾ ಚಟ್ನಿ, ಒಬ್ಬರು ಗುರೆಳ್ಳು ಚಟ್ನಿ. ಹಿಂದೂ ನೆರೆಯವರು ಕರ್ಚಿಕಾಯಿ ಮಾಡಿ ತಂದು "ಅಲ್ಲಿ ನಮ್ಮ ಹೆಸರೂ ತಗೊಂಡು ಬೇಡಿಕೊಳ್ರಿ" ಎನ್ನುತ್ತಾರೆ. ಈ ಪ್ರೀತಿಯನ್ನು ನಿರಾಕರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಒಂದು ವಸ್ತುವಿನ ಬಗ್ಗೆ ಕೈಮುಗಿದು ಹೇಳುತ್ತೇನೆ: ಗಸಗಸೆ. ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸಿಕ್ಕಿಬಿದ್ದರೆ ಜೈಲು. ಗಸಗಸೆಯನ್ನು ಬೇರೆ ಕಟ್ಟಿ ಯಾರೂ ಒಯ್ಯುವುದಿಲ್ಲ, ಸರಿ. ಆದರೆ ನಮ್ಮ ಮಸಾಲೆ ಖಾರಕ್ಕೆ ಒಣಕೊಬ್ಬರಿ, ಧನಿಯಾ, ಲವಂಗದ ಜೊತೆ ಹುರಿದ ಗಸಗಸೆ ಹಾಕುವ ಮನೆಗಳಿವೆ. ಕರ್ಚಿಕಾಯಿಯ ಹೂರಣದಲ್ಲೂ ಇರುತ್ತದೆ. ಕೊಟ್ಟವರನ್ನು ನೇರವಾಗಿ ಕೇಳಿ. ಖಾತ್ರಿ ಇಲ್ಲದ್ದನ್ನು ಮನೆಯಲ್ಲೇ ಬಿಡಿ. ಬೇರೆಯವರು "ನಮ್ಮ ಹುಡುಗ ಜಿದ್ದಾದಾಗ ಅದಾನ, ಇದೊಂದು ಡಬ್ಬಿ ಮುಟ್ಟಿಸ್ರಿ" ಎಂದು ಕೊಟ್ಟ ಪೊಟ್ಟಣವನ್ನು, ಅವರು ಎಷ್ಟೇ ಬೇಕಾದವರಾಗಿರಲಿ, ಬಿಚ್ಚಿ ನೋಡದೆ ಒಯ್ಯಬೇಡಿ. ಗುಟ್ಕಾ, ಜರ್ದಾ ಚಟ ಇದ್ದವರು ಮೂರು ತಿಂಗಳು ಮೊದಲೇ ಬಿಡಲು ಶುರು ಮಾಡಿ.

ಉಪ್ಪಿನಕಾಯಿ, ತುಪ್ಪ ಸೋರಿ ಇಹ್ರಾಮಿನ ಬಿಳಿ ಬಟ್ಟೆ ಹಾಳಾದದ್ದನ್ನು ಕಂಡಿದ್ದೇನೆ. ಅವನ್ನು ಬಿಟ್ಟು ಪುಟಾಣಿ ಹಿಟ್ಟು, ಒಣ ಚಟ್ನಿ, ಕಡಕ್ ರೊಟ್ಟಿ ಒಯ್ಯಿರಿ. ಅಲ್ಲಿನ ಊಟ ನಾಲಿಗೆಗೆ ಹಿಡಿಸದೆ ಬರೀ ಚಹಾ ಬ್ರೆಡ್ಡಿನ ಮೇಲೆ ದಿನ ಕಳೆದು ನಿಶ್ಶಕ್ತರಾಗುವವರು ನಮ್ಮ ಕಡೆಯ ಹಿರಿಯರೇ ಹೆಚ್ಚು. ಒಂದು ರೊಟ್ಟಿ, ಮೇಲೆ ಚಟ್ನಿ, ಜೊತೆಗೆ ಅಂಗಡಿಯಲ್ಲಿ ಸಿಗುವ ಲಬನ್, ಅಂದರೆ ನಮ್ಮ ಮಜ್ಜಿಗೆಯಂಥದ್ದು. ಅದರಿಂದ ಹೊಟ್ಟೆಯೂ ತಂಪು, ಉಪ್ಪೂ ಸಿಗುತ್ತದೆ. ಬರೀ ನೀರು ಲೀಟರ್‌ಗಟ್ಟಲೆ ಕುಡಿದು ಏನೂ ತಿನ್ನದಿದ್ದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಸುತ್ತುತ್ತದೆ. ಓಆರ್‌ಎಸ್ ಪೊಟ್ಟಣ ಕೈಚೀಲದಲ್ಲಿರಲಿ. ಲೀಟರಿಗೆ ಒಂದು ಪೊಟ್ಟಣ ಎಂದು ಬರೆದಿದ್ದರೆ ಪೂರ್ತಿ ಲೀಟರಿಗೇ ಹಾಕಬೇಕು, ಅರ್ಧ ಲೋಟಕ್ಕೆ ಸುರಿಯಬಾರದು. ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು.

ಕೈಚೀಲದಲ್ಲಿ ಏನಿರಬೇಕು ಎನ್ನುವುದು ವಿಮಾನ ಮೊದಲು ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೂ ಹೋಗುತ್ತದೆ. ನೇರ ಜಿದ್ದಾಕ್ಕೆ ಇಳಿದು ಮಕ್ಕಾಕ್ಕೆ ಹೋಗುವವರು ಮೀಕಾತ್ ಎಂಬ ಗಡಿ ದಾಟುವುದರೊಳಗೆ ಇಹ್ರಾಮಿನಲ್ಲಿರಬೇಕು, ಆದ್ದರಿಂದ ಆ ಬಟ್ಟೆ ಹೊರಡುವಾಗಲೇ ಮೈಮೇಲಿರಬೇಕು ಇಲ್ಲವೇ ಕೈಯಲ್ಲಿರಬೇಕು. ಮೊದಲು ಮದೀನಾಕ್ಕೆ ಇಳಿಯುವವರಿಗೆ ಅಲ್ಲಿಂದ ಮಕ್ಕಾಕ್ಕೆ ಹೊರಡುವಾಗ ಸಾಕು.

ಲಗೇಜು ಗುರುತಿಗೆ ನಮ್ಮ ಗುಂಪಿನವರು ಮಾಡಿದ ಉಪಾಯ ಎಲ್ಲರಿಗೂ ಹೇಳುತ್ತೇನೆ. ಗುಳೇದಗುಡ್ಡದ ಕಣದ ಬಟ್ಟೆ ತಂದು, ಅಂಗೈ ಅಗಲದ ತುಂಡು ಮಾಡಿ, ಪ್ರತಿ ಚೀಲದ ಹಿಡಿಕೆಗೆ ಸೂಜಿ ದಾರದಲ್ಲಿ ಹೊಲಿದೆವು. ಒಂದೇ ಬಣ್ಣದ ಸಾವಿರಾರು ಸೂಟ್‌ಕೇಸುಗಳ ನಡುವೆ ಆ ಕಡುಗೆಂಪು, ಅದರ ಮೇಲಿನ ಆ ಬುಟ್ಟಾ ದೂರದಿಂದಲೇ ಕಾಣುತ್ತದೆ. ಓದು ಬಾರದ ಅಜ್ಜಿಯೂ ತನ್ನ ಚೀಲ ತಾನೇ ಹಿಡಿಯುತ್ತಾಳೆ. ಅದೇ ಕಣದ ತುಂಡನ್ನು ಬುರ್ಖಾದ ತೋಳಿಗೂ ಹೊಲಿದುಕೊಂಡೆವು. ಜನಜಂಗುಳಿಯಲ್ಲಿ ಮುಖ ಹುಡುಕುವ ಬದಲು ತೋಳು ಹುಡುಕಿದರೆ ಸಾಕಾಗುತ್ತಿತ್ತು.

ತಪ್ಪಿಸಿಕೊಳ್ಳುವುದಂತೂ ಎಂಥ ಗುಂಪಿನಲ್ಲೂ ಇದ್ದದ್ದೇ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ಓಡಾಡಿದವರು ನಾವು. ಆದರೆ ಅಲ್ಲಿ ತಪ್ಪಿಸಿಕೊಂಡರೆ ಯಾರನ್ನು ಕೇಳಿದರೂ ಕನ್ನಡ. 2024ರ ಹಜ್ಜಿನಲ್ಲಿ ಸೇರಿದವರು ಹದಿನೆಂಟು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಕನ್ನಡ ತಿಳಿಯುವವರನ್ನು ಎಲ್ಲಿ ಹುಡುಕುವುದು? ಇನ್ನೊಂದು ಸತ್ಯವನ್ನು ಹೊರಗಿನವರು ಗಮನಿಸುವುದಿಲ್ಲ: ನಮ್ಮ ಜಿಲ್ಲೆಯ ಪಿಂಜಾರ, ನದಾಫ ಮನೆಗಳಲ್ಲಿ ಎಷ್ಟೋ ಹಿರಿಯರಿಗೆ ಉರ್ದು ಬರುವುದಿಲ್ಲ, ಮನೆಮಾತೇ ಕನ್ನಡ. ತರಬೇತಿ ಉರ್ದುವಿನಲ್ಲಿ ನಡೆದರೆ ಅವರು ತಲೆಯಾಡಿಸಿ ಎದ್ದು ಬರುತ್ತಾರೆ. ಅಂಥವರಿಗೆ ಕನ್ನಡದಲ್ಲೇ ಎಲ್ಲವನ್ನೂ ಮತ್ತೊಮ್ಮೆ ಹೇಳುವುದು ಪ್ರತಿ ಗುಂಪಿನ ಹೊಣೆ ಎಂದು ನಾನು ತಿಳಿಯುತ್ತೇನೆ. ಕಟ್ಟಡದ ನಂಬರು, ಬಸ್ಸಿನ ನಂಬರು, ಗುಂಪಿನ ಇಬ್ಬರ ಫೋನ್ ನಂಬರನ್ನು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರೆಸಿದ ಚೀಟಿ ಅವರ ಕೊರಳಲ್ಲಿರಲಿ. 2024ರಿಂದ ಬಂದ, ಯಾತ್ರಿಕರ ಗುರುತಿನ ನುಸುಕ್ ಕಾರ್ಡ್ ಇಲ್ಲದೆ ಪವಿತ್ರ ಸ್ಥಳಗಳಿಗೆ ಬಿಡುವುದಿಲ್ಲ. ಅದು ಸ್ನಾನಕ್ಕೆ ಹೋದಾಗಲೂ ಕೈಗೆಟುಕುವಂತೆ ಇರಬೇಕು. ಪ್ರತಿ ಜಾಗಕ್ಕೆ ಹೋದ ಕೂಡಲೇ "ತಪ್ಪಿದರ ಇಲ್ಲಿ ಕೂಡೋದು" ಎಂದು ನೆರಳಿರುವ ಒಂದು ಗುರುತು ಗೊತ್ತು ಮಾಡಿ. ಹುಡುಕುತ್ತಾ ಬಿಸಿಲಲ್ಲಿ ಅಲೆಯಬಾರದು, ತಪ್ಪಿದವರು ಕೂರಬೇಕು, ಉಳಿದವರು ಹುಡುಕಬೇಕು.

ಅರಫಾತಿನ ದಿನ ಇಡೀ ಯಾತ್ರೆಯ ತಿರುಳು, ಬಿಸಿಲಿನ ಲೆಕ್ಕದಲ್ಲೂ ಅದೇ ಕಠಿಣ ದಿನ. 2025ರಲ್ಲಿ ಸೌದಿ ಸರ್ಕಾರ ಅಂದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಡೇರೆಯೊಳಗೇ ಇರಿ ಎಂದು ಯಾತ್ರಿಕರಿಗೆ ಹೇಳಿತು. ಅಲ್ಲಿನ ರಹಮತ್ ಬೆಟ್ಟವನ್ನು ಹತ್ತಲೇಬೇಕೆಂದು ಹಟ ಮಾಡುವವರಿಗೆ ನಾನು ಹೇಳುವುದು: ಅರಫಾತಿನ ಎಲ್ಲೆಯೊಳಗೆ ಎಲ್ಲಿದ್ದರೂ ಹಜ್ ಆಗುತ್ತದೆ, ಬೆಟ್ಟ ಹತ್ತುವುದು ಕಡ್ಡಾಯವಲ್ಲ. ಜಮರಾತಿನ ಕಲ್ಲೆಸೆತವನ್ನು ಅಶಕ್ತರ ಪರವಾಗಿ ಬೇರೆಯವರು ಮಾಡಬಹುದು. ಧರ್ಮವೇ ಇಷ್ಟು ಸಡಿಲು ಕೊಟ್ಟಿರುವಾಗ ಅದನ್ನು ಬಳಸಿಕೊಳ್ಳುವುದರಲ್ಲಿ ಭಕ್ತಿಗೆ ಕುಂದಿಲ್ಲ. ನಿಮ್ಮೂರಿನ ಮೌಲಾನಾರನ್ನು ಕೇಳಿ ಈ ಮಾತನ್ನು ಮೊದಲೇ ಖಾತ್ರಿ ಮಾಡಿಕೊಂಡಿರಿ. ಅಲ್ಲಿಗೆ ಹೋದ ಮೇಲೆ ಭಾವುಕತೆಯಲ್ಲಿ ಯಾರೂ ಯಾರ ಮಾತೂ ಕೇಳುವುದಿಲ್ಲ. ಕಲ್ಲೆಸೆತಕ್ಕೆ ನಿಮ್ಮ ಗುಂಪಿಗೆ ಕೊಟ್ಟ ಹೊತ್ತಿಗೇ ಹೋಗಿ. 2015ರಲ್ಲಿ ಮಿನಾದ ಬೀದಿಯಲ್ಲಿ ಜನದಟ್ಟಣೆಯಿಂದ ನೂರಾರು ಮಂದಿ ಸತ್ತದ್ದನ್ನು ನೆನಪಿಡಿ.

ಬಿಸಿಲ ಝಳ ಬಡಿದವರನ್ನು ಗುರುತಿಸುವುದು ಹೇಗೆ? ಸುಸ್ತು, ತಲೆನೋವು, ವಾಕರಿಕೆ, ಕಾಲು ಹಿಡಿಯುವುದು ಮೊದಲ ಹಂತ. ಆಗಲೇ ನೆರಳಿಗೆ ಕರೆತಂದು, ಮಲಗಿಸಿ, ಕಾಲು ಎತ್ತರಿಸಿ, ಓಆರ್‌ಎಸ್ ಕೊಟ್ಟರೆ ಬಹುತೇಕ ಚೇತರಿಸಿಕೊಳ್ಳುತ್ತಾರೆ. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ನಡೆಯುವಾಗ ತೂರಾಡಿದರೆ ಅದು ಎರಡನೆಯ ಹಂತ. ಒಳಗಿನ ಶಾಖ 40 ದಾಟಿದೆ ಎಂದೇ ತಿಳಿಯಿರಿ. ಸೌದಿಯ ಆಂಬುಲೆನ್ಸ್ ನಂಬರು 997. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ. ಮೈಮೇಲೆ ನೀರು ಸುರಿಯಿರಿ, ರಟ್ಟಿನಿಂದಲೋ ದುಪಟ್ಟಾದಿಂದಲೋ ಬಿಡದೆ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಬಾಟಲಿ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದರಿಂದ ಈ ಶಾಖ ಇಳಿಯುವುದಿಲ್ಲ. ನೀರು ಮತ್ತು ಗಾಳಿ ಎಂಬ ಈ ಚಿಕಿತ್ಸೆಗೆ ಮಕ್ಕಾದ ಹೆಸರೇ ಇದೆ: ಹಜ್ಜಿನ ರೋಗಿಗಳಿಗಾಗಿ ವೀನರ್ ಮತ್ತು ಖೊಗಾಲಿ ಎಂಬ ವೈದ್ಯವಿಜ್ಞಾನಿಗಳು ರೂಪಿಸಿದ, ಮೈಮೇಲೆ ನೀರಿನ ತುಂತುರು ಬಿಟ್ಟು ಗಾಳಿ ಹಾಯಿಸುವ ಮಂಚದ ವಿವರ 1980ರಲ್ಲಿ ಪ್ರಕಟವಾಯಿತು. ಆ ಮಂಚ ಮಾಡುವ ಕೆಲಸವನ್ನು ಒಂದು ಬಾಟಲಿ ನೀರು, ಒಂದು ದುಪಟ್ಟಾದಿಂದ ನೀವು ಶುರು ಮಾಡಬಹುದು. ನಾನು ತರಬೇತಿಯಲ್ಲಿ ಒಬ್ಬರನ್ನು ಚಾಪೆಯ ಮೇಲೆ ಮಲಗಿಸಿ ಇದನ್ನು ಮಾಡಿ ತೋರಿಸುತ್ತೇನೆ, ಉಳಿದವರ ಕೈಯಲ್ಲೂ ಮಾಡಿಸುತ್ತೇನೆ.

ಇದೆಲ್ಲ ಉಮ್ರಾಕ್ಕೆ, ಬೇಸಿಗೆ ರಜೆಯಲ್ಲಿ ದುಬೈಗೆ ಗುಂಪು ಕಟ್ಟಿಕೊಂಡು ಹೋಗುವವರಿಗೂ ಸಲ್ಲುತ್ತದೆ. ದುಬೈ, ಜಿದ್ದಾ ಕಡಲ ತೀರದ ಊರುಗಳು, ಅಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಡಿಗ್ರಿ ಕಡಿಮೆ ಕಂಡರೂ ಮೈ ಬೇಗ ಸೋಲುತ್ತದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ರೈಲಿನಲ್ಲಿ ಮುಂಬಯಿಗೆ ಹೋಗಿ, ಮುಸಾಫಿರ್‌ಖಾನಾದಲ್ಲಿ ತಂಗಿ, ಹಡಗು ಹತ್ತುತ್ತಿದ್ದರು. 1995ರವರೆಗೂ ಹಡಗು ಇತ್ತು. ಆ ನಿಧಾನದ ಪ್ರಯಾಣದಲ್ಲಿ ಮೈಗೆ ಹೊಂದಿಕೊಳ್ಳಲು ದಿನಗಳು ಸಿಗುತ್ತಿದ್ದವು. ಈಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಹಜ್ ಭವನಕ್ಕೆ ಹೋಗಿ, ವಿಮಾನ ಏರಿದರೆ ಕೆಲವೇ ತಾಸಿನಲ್ಲಿ ಅರಬ್ಬರ ನಾಡು. ಆದ್ದರಿಂದ ತಲುಪಿದ ದಿನವೇ ಓಡಾಟ ಬೇಡ. ನಿದ್ದೆ ಮಾಡಿ, ಉಂಡು, ಹೊತ್ತು ಇಳಿದ ಮೇಲೆ ಇಲ್ಲವೇ ರಾತ್ರಿ ಉಮ್ರಾಕ್ಕೆ ಹೊರಡಿ.

ಮರಳಿ ಬಂದ ಮೇಲಿನ ಒಂದು ಮಾತೂ ಇದೆ. ಜನ ಕಾಲು ಮುಟ್ಟಲು, ಜಮ್‌ಜಮ್ ನೀರು ಪಡೆಯಲು ಮನೆ ತುಂಬುತ್ತಾರೆ. ಹಾಜಿಗಳು ಕೆಮ್ಮುತ್ತಲೇ ಎಲ್ಲರನ್ನೂ ಅಪ್ಪಿಕೊಳ್ಳುತ್ತಾರೆ. ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಮಾಸ್ಕ್ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸುವಾಗಲೇ "ಅರಬಸ್ತಾನದಿಂದ ಬಂದೀನಿ" ಎಂದು ಹೇಳಿ. ಒಂಟೆಯಿಂದ ಮನುಷ್ಯರಿಗೆ ಬರುವ ಮರ್ಸ್ ಎಂಬ ಶ್ವಾಸಕೋಶದ ಕಾಯಿಲೆ ಆ ನಾಡಿನಲ್ಲಿದೆ. ಅಲ್ಲಿ ಇರುವಾಗ ಒಂಟೆಯ ಹಸಿ ಹಾಲು ಕುಡಿಯಬೇಡಿ, ಫೋಟೋಗಾಗಿ ಒಂಟೆಯ ಕೊರಳು ತಬ್ಬಬೇಡಿ ಎಂದು ಹೇಳುವುದು ಇದೇ ಕಾರಣಕ್ಕೆ. ಡಾಕ್ಟರಿಗೆ ನೀವು ಎಲ್ಲಿಂದ ಬಂದಿದ್ದೀರಿ ಎಂದು ಮೊದಲೇ ಗೊತ್ತಾದರೆ ಯಾವ ಪರೀಕ್ಷೆ ಮಾಡಿಸಬೇಕು, ನಿಮ್ಮನ್ನು ಯಾವ ವಾರ್ಡಿನಲ್ಲಿ ಇರಿಸಬೇಕು ಎನ್ನುವುದು ಅವರಿಗೆ ತಿಳಿಯುತ್ತದೆ.